ಬಳೆ ಸಡಿಲವಾದದ್ದು ಯಾವಾಗ?

ವಾರ್ಡಿಗೆ ಹೊಸದಾಗಿ ಸೇರಿದ ಹೆಂಗಸರ ಹಾಸಿಗೆಯ ಬಳಿ ಹೋದಾಗ ನಾನು ಮೊದಲು ಅವರ ಮುಂಗೈ ನೋಡುತ್ತೇನೆ. ಬಳೆಗಳು ಮೊಣಕೈಯವರೆಗೆ ಸಲೀಸಾಗಿ ಜಾರುತ್ತಿದ್ದರೆ, "ಅಮ್ಮಾ, ಈ ಬಳೆ ಯಾವಾಗಿನಿಂದ ಸಡಿಲವಾಯಿತು?" ಎಂದು ಕೇಳುತ್ತೇನೆ. ತೂಕ ಎಷ್ಟು ಇಳಿದಿದೆ ಎಂಬ ಪ್ರಶ್ನೆಗೆ ಬಹಳ ಮಂದಿಯ ಬಳಿ ಉತ್ತರವಿರುವುದಿಲ್ಲ. ಬಳೆಯ ವಿಷಯ ಎತ್ತಿದರೆ "ಗೌರಿ ಹಬ್ಬಕ್ಕೆ ತೊಡಿಸಿಕೊಂಡಾಗ ಬಿಗಿಯಾಗಿಯೇ ಇತ್ತು ಮೇಡಂ" ಎಂದು ತಿಂಗಳನ್ನೇ ಹೇಳಿಬಿಡುತ್ತಾರೆ. ಗಂಡಸರಲ್ಲಿ ಬೆಲ್ಟಿಗೆ ಹೊಸದಾಗಿ ಹೊಡೆಸಿದ ತೂತು, ಹಳ್ಳಿಯ ಹಿರಿಯರಲ್ಲಿ ಕೆಳಗೆ ಜಾರುವ ಉಡುದಾರ, ವಯಸ್ಸಾದವರಲ್ಲಿ ಕೂರದೆ ಅಲ್ಲಾಡುವ ಹಲ್ಲಿನ ಸೆಟ್ಟು ಇದೇ ಮಾಹಿತಿ ಕೊಡುತ್ತವೆ. ಹದಿನೆಂಟು ವರ್ಷಗಳಿಂದ ಆಸ್ಪತ್ರೆಯ ಆಹಾರ ವಿಭಾಗದಲ್ಲಿ ಕೆಲಸ ಮಾಡುತ್ತಿರುವ ನನಗೆ, ಕೇಸ್ ಶೀಟಿನಲ್ಲಿ ಇಲ್ಲದ ಎಷ್ಟೋ ಸಂಗತಿಗಳು ಸಿಕ್ಕಿರುವುದು ಇಂಥ ಪ್ರಶ್ನೆಗಳಿಂದಲೇ.

ಕೇಸ್ ಶೀಟಿನಲ್ಲಿ ರಕ್ತದೊತ್ತಡ, ನಾಡಿ, ಜ್ವರ, ಸಕ್ಕರೆ ಎಲ್ಲವೂ ಗಂಟೆಗಂಟೆಗೂ ದಾಖಲಾಗಿರುತ್ತವೆ. ತೂಕದ ಖಾನೆ ಮಾತ್ರ ಅನೇಕ ವೇಳೆ ಖಾಲಿಯಾಗಿರುತ್ತದೆ, ಇಲ್ಲವೇ ಕಣ್ಣಂದಾಜಿನ ಒಂದು ಸಂಖ್ಯೆ ಅಲ್ಲಿರುತ್ತದೆ. ಈ ಲೋಪ ಇಂದಿನದೂ ಅಲ್ಲ, ನಮ್ಮೊಬ್ಬರದೂ ಅಲ್ಲ. 1974ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬಟರ್‌ವರ್ತ್ ಅವರು ತಮ್ಮ ದೇಶದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ನಡುವೆಯೇ ರೋಗಿಗಳು ಆಹಾರವಿಲ್ಲದೆ ಸೊರಗುತ್ತಿದ್ದಾರೆಂದು ಬರೆದಾಗ, ಎತ್ತರ ಮತ್ತು ತೂಕ ದಾಖಲಿಸದಿರುವುದು, ದಿನಗಟ್ಟಲೆ ಗ್ಲೂಕೋಸ್ ಮತ್ತು ಸಲೈನ್ ಮೇಲೆಯೇ ಇಡುವುದು, ರೋಗಿ ಎಷ್ಟು ಉಂಡರೆಂದು ಗಮನಿಸದಿರುವುದು, ಪರೀಕ್ಷೆಗಳಿಗಾಗಿ ಊಟ ತಪ್ಪಿಸುವುದು ಮುಂತಾದವನ್ನು ಕಾರಣಗಳಾಗಿ ಪಟ್ಟಿ ಮಾಡಿದ್ದರು. ಐವತ್ತು ವರ್ಷ ಕಳೆದ ಮೇಲೂ ಆ ಪಟ್ಟಿಯಿಂದ ಹೊಡೆದುಹಾಕಬಹುದಾದ ಒಂದು ಸಾಲೂ ನನಗೆ ಕಾಣುವುದಿಲ್ಲ.

ಕಾಲಿನ ಹುಣ್ಣಿಗೆಂದು ದಾಖಲಾದ ಒಬ್ಬ ತಾಯಿಯ ಉದಾಹರಣೆಯಿಂದಲೇ ವಿಷಯವನ್ನು ವಿವರಿಸುತ್ತೇನೆ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಅವರಿಗೆ ಅರವತ್ತೊಂದು ವರ್ಷ, ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ, ಮೂತ್ರಪಿಂಡದ ಕೆಲಸದಲ್ಲಿ ಅಲ್ಪ ಕುಗ್ಗುವಿಕೆ. ಎತ್ತರ 152 ಸೆಂಟಿಮೀಟರ್, ತೂಕ 50 ಕಿಲೋ. ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಸೂಚ್ಯಂಕ) ಲೆಕ್ಕ ಹಾಕಿದರೆ 21.6 ಬರುತ್ತದೆ, ಅಂದರೆ ಪುಸ್ತಕದ ಪ್ರಕಾರ ಏನೂ ತೊಂದರೆಯಿಲ್ಲ. ಆದರೆ ಅವರ ಚೀಲದಲ್ಲಿದ್ದ ಸಕ್ಕರೆ ತಪಾಸಣೆಯ ಪುಸ್ತಕದಲ್ಲಿ ಐದು ತಿಂಗಳ ಹಿಂದಿನ ತೂಕ 58 ಕಿಲೋ ಎಂದು ನಮೂದಾಗಿತ್ತು. ಎಂಟು ಕಿಲೋ ಎಂದರೆ ಅವರ ಹಳೆಯ ತೂಕದ ಸುಮಾರು ಶೇ 14. ಮನೆಯವರು ಇದನ್ನು ಕಂಡಿರಲಿಲ್ಲವೆಂದಲ್ಲ. "ಶುಗರ್ ಇರುವವರು ಸಣ್ಣಗಾದರೆ ಒಳ್ಳೆಯದಲ್ವಾ ಮೇಡಂ?" ಎಂದು ಅವರ ಮಗ ನನ್ನನ್ನೇ ಕೇಳಿದರು.

ಪೋಷಣೆಯ ತಪಾಸಣೆ ಎಂಬುದು ಇಂಥವರನ್ನು ಹುಡುಕಿ ತೆಗೆಯಲೆಂದೇ ಇರುವ ಐದು ನಿಮಿಷದ ಕೆಲಸ. ಬ್ರಿಟನ್ನಿನಲ್ಲಿ 2003ರಲ್ಲಿ ಪ್ರಕಟವಾದ, ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ‘ಮಸ್ಟ್’ ಎಂಬ ವಿಧಾನದಲ್ಲಿ ಮೂರು ಅಂಶಗಳಿಗೆ ಅಂಕ ಕೊಡುತ್ತಾರೆ. ಬಿಎಂಐ 20ಕ್ಕಿಂತ ಹೆಚ್ಚಿದ್ದರೆ ಸೊನ್ನೆ, 18.5ರಿಂದ 20ರವರೆಗೆ ಒಂದು, ಅದಕ್ಕಿಂತ ಕಡಿಮೆಯಿದ್ದರೆ ಎರಡು ಅಂಕ. ಕಳೆದ ಮೂರರಿಂದ ಆರು ತಿಂಗಳಲ್ಲಿ ತಾನಾಗಿ ಇಳಿದ ತೂಕ ಶೇ 5ರಿಂದ 10ರಷ್ಟಿದ್ದರೆ ಒಂದು, ಹತ್ತನ್ನು ಮೀರಿದ್ದರೆ ಎರಡು. ತೀವ್ರ ಕಾಯಿಲೆಯಿಂದ ಐದು ದಿನಗಳಿಗಿಂತ ಹೆಚ್ಚು ಕಾಲ ಹೊಟ್ಟೆಗೇನೂ ಹೋಗಿಲ್ಲದಿದ್ದರೆ, ಅಥವಾ ಹೋಗುವ ಸಂಭವವಿಲ್ಲದಿದ್ದರೆ, ಮತ್ತೆರಡು. ಒಟ್ಟು ಎರಡು ಅಥವಾ ಅದಕ್ಕಿಂತ ಹೆಚ್ಚು ಬಂದವರು ಹೆಚ್ಚಿನ ಅಪಾಯದಲ್ಲಿದ್ದಾರೆ ಎಂದು ಅರ್ಥ. ಕಾಲಿನ ಹುಣ್ಣಿನ ಈ ತಾಯಿಗೆ ಬಿಎಂಐ ಲೆಕ್ಕದಲ್ಲಿ ಸೊನ್ನೆ, ತೂಕದ ಇಳಿಕೆಯ ಲೆಕ್ಕದಲ್ಲಿಯೇ ಎರಡು. ನೋಟಕ್ಕೆ ಬಡಕಲಾಗಿರುವವರನ್ನು ಯಾರು ಬೇಕಾದರೂ ಗುರುತಿಸಬಲ್ಲರು. ಮೈತುಂಬಿಕೊಂಡಂತೆ ಕಾಣುತ್ತಲೇ ಸ್ನಾಯು ಕಳೆದುಕೊಳ್ಳುತ್ತಿರುವವರಿಗಾಗಿ ಈ ಅಂಕಗಳು ಬೇಕು.

ಎದ್ದು ನಿಲ್ಲಲಾಗದವರ ತೂಕ ನೋಡುವುದು ಹೇಗೆ ಎಂದು ನರ್ಸಿಂಗ್ ವಿದ್ಯಾರ್ಥಿಗಳು ಕೇಳುತ್ತಾರೆ. ಮೊಣಕೈಯಿಂದ ಮಣಿಕಟ್ಟಿನ ಮೂಳೆಯವರೆಗಿನ ಉದ್ದದಿಂದ ಎತ್ತರವನ್ನು ಅಂದಾಜು ಮಾಡಬಹುದು. ತೋಳಿನ ನಡುಭಾಗದ ಸುತ್ತಳತೆ 23.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಬಿಎಂಐ 20ಕ್ಕಿಂತ ಕೆಳಗಿರುವ ಸಂಭವ ಹೆಚ್ಚು. ಇದಕ್ಕೆ ದರ್ಜಿಯ ಟೇಪು ಸಾಕು. ಕಾಲಿಗೆ, ಹೊಟ್ಟೆಗೆ ನೀರು ತುಂಬಿದವರಲ್ಲಿ ತಕ್ಕಡಿಗಿಂತ ಈ ಟೇಪನ್ನೇ ನಾನು ಹೆಚ್ಚು ನಂಬುತ್ತೇನೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಿದೆ, ಆದ್ದರಿಂದ ಪ್ರೋಟೀನ್ ಪುಡಿ ಕೊಡಿ ಎಂಬ ಸೂಚನೆ ಇಂದಿಗೂ ಬರುತ್ತದೆ. ಸೋಂಕು, ಉರಿಯೂತ ಇದ್ದಾಗ ಚೆನ್ನಾಗಿ ಉಣ್ಣುವವರಲ್ಲಿಯೂ ಆಲ್ಬುಮಿನ್ ಇಳಿಯುತ್ತದೆ. ಅದು ಕಾಯಿಲೆಯ ತೀವ್ರತೆಯನ್ನು ಹೇಳುತ್ತದೆಯೇ ಹೊರತು ತಟ್ಟೆಯಲ್ಲಿ ಏನಿತ್ತೆಂದು ಹೇಳುವುದಿಲ್ಲ.

ಈ ತಾಯಿಯ ತಟ್ಟೆಯಲ್ಲಿ ಏನಿತ್ತು? ಸಕ್ಕರೆ ಕಾಯಿಲೆ ಗೊತ್ತಾದಾಗ ಅನ್ನ ಬಿಟ್ಟರು. ಬಿಪಿ ಬಂದಾಗ ಉಪ್ಪು ಬಿಟ್ಟರು, ಅದರೊಂದಿಗೆ ಊಟದ ರುಚಿಯೂ ಹೋಯಿತು. "ಕಿಡ್ನಿ ಸ್ವಲ್ಪ ವೀಕ್ ಇದೆ" ಎಂದು ಯಾರೋ ಹೇಳಿದ ದಿನದಿಂದ ಬೇಳೆ, ಕಾಳು ನಿಂತವು. ಕಾಲಿಗೆ ಹುಣ್ಣಾದ ಮೇಲೆ ಪಕ್ಕದ ಮನೆಯವರು ಬದನೆ, ಆಲೂಗಡ್ಡೆ, ಕಡಲೆಕಾಯಿ, ಮೊಟ್ಟೆ ಎಲ್ಲವೂ ನಂಜು, ಕೀವಾಗುತ್ತದೆ ಎಂದರು. ಕೊನೆಗೆ ಉಳಿದದ್ದು ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಸಪ್ಪೆ ತಿಳಿಸಾರಿನಲ್ಲಿ ನೆನೆಸಿದ ಒಂದು ಚಪಾತಿ, ರಾತ್ರಿ ಒಂದು ಲೋಟ ರಾಗಿ ಗಂಜಿ. ಪ್ರತಿಯೊಂದು ‘ಬೇಡ’ವನ್ನೂ ಹೇಳಿದವರು ಬೇರೆ ಬೇರೆ; ಎಲ್ಲವನ್ನೂ ಒಟ್ಟಿಗೆ ಪಾಲಿಸಿದವರು ಈ ಒಬ್ಬ ತಾಯಿ. ಪಥ್ಯ ಎಂಬ ಮಾತಿಗೆ ಆಯುರ್ವೇದದಲ್ಲಿ ಹಿತವಾದ ಆಹಾರವೆಂಬ ಅರ್ಥವಿದ್ದು, ಬಿಡಬೇಕಾದದ್ದಕ್ಕೆ ಅಪಥ್ಯವೆಂಬ ಬೇರೆ ಪದವೇ ಇದೆ. ನಮ್ಮ ಆಡುಮಾತಿನಲ್ಲಿ ಮಾತ್ರ ಪಥ್ಯವೆಂದರೆ ಬಿಡುವುದೇ ಆಗಿಬಿಟ್ಟಿದೆ, ಮತ್ತು ಆಸ್ಪತ್ರೆಯ ಆಹಾರ ಚೀಟಿಗಳೂ ಬಹುಪಾಲು ಅದೇ ಅರ್ಥದಲ್ಲಿ ಬರೆಯಲ್ಪಡುತ್ತಿವೆ ಎಂಬುದು ನನ್ನ ದೂರು.

ಗಂಜಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ರಾಗಿಯ ಮೇಲೆ ನನಗೂ ಅಭಿಮಾನವಿದೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣಾಂಶವಿದೆ. ಆದರೆ ಒಂದು ಲೋಟ ತೆಳು ಗಂಜಿಗೆ ಬೀಳುವ ಹಿಟ್ಟು ಎರಡು ಚಮಚ, ಹೆಚ್ಚೆಂದರೆ 20 ಗ್ರಾಂ. ಅದರಿಂದ ಸಿಗುವುದು 65 ಕ್ಯಾಲೊರಿ, ಒಂದೂವರೆ ಗ್ರಾಂ ಪ್ರೋಟೀನ್. ಇನ್ನು ‘ಗ್ಲೂಕೋಸ್ ಹಾಕಿದ್ದಾರೆ, ಊಟ ಮಾಡದಿದ್ದರೂ ನಡೆಯುತ್ತದೆ’ ಎಂಬ ನಂಬಿಕೆ ರೋಗಿಗಳಲ್ಲಷ್ಟೇ ಅಲ್ಲ, ಕೆಲವೊಮ್ಮೆ ಸಿಬ್ಬಂದಿಯಲ್ಲೂ ಕಾಣುತ್ತದೆ. ಶೇ 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ನೂರಕ್ಕಿಂತ ಕಡಿಮೆ ಕ್ಯಾಲೊರಿ, ಪ್ರೋಟೀನ್ ಸೊನ್ನೆ. ಬರೀ ಸಲೈನ್ ಆದರೆ ಕ್ಯಾಲೊರಿಯೂ ಸೊನ್ನೆ. ದಿನಕ್ಕೆ ಮೂರು ಬಾಟಲಿ ಗ್ಲೂಕೋಸ್ ಇಳಿದರೂ ಅದು ಒಂದು ಹೊತ್ತಿನ ಊಟಕ್ಕೆ ಸಮನಾಗುವುದಿಲ್ಲ.

ನಾವು ಲೆಕ್ಕ ಹಾಕಿದ ಪ್ರಕಾರ ಆ ತಾಯಿಗೆ ದಿನಕ್ಕೆ 1,500 ಕ್ಯಾಲೊರಿ, ಕಿಲೋ ತೂಕಕ್ಕೆ 1.2 ಗ್ರಾಂನಂತೆ 60 ಗ್ರಾಂ ಪ್ರೋಟೀನ್ ಬೇಕಿತ್ತು. ಮೂತ್ರಪಿಂಡದ ತೊಂದರೆಯಿದ್ದೂ ಇಷ್ಟೇಕೆ ಎಂಬ ಪ್ರಶ್ನೆ ಸಹಜ. ಸ್ಥಿರವಾಗಿರುವ, ಡಯಾಲಿಸಿಸ್ ಬೇಕಿಲ್ಲದ ರೋಗಿಗೆ ಪ್ರೋಟೀನನ್ನು ಮಿತಗೊಳಿಸುವ ಕ್ರಮವಿದೆ. ಆದರೆ ಸೋಂಕು, ಗಾಯ, ಶಸ್ತ್ರಚಿಕಿತ್ಸೆಯಂಥ ತೀವ್ರ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದಾಗ ಆ ಮಿತಿಯನ್ನು ಮುಂದುವರಿಸಿದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಗಾಯಕ್ಕೆ ಕೊಡಬೇಕಾಗುತ್ತದೆ. ಮೂತ್ರಪಿಂಡದ ವೈದ್ಯರೊಂದಿಗೆ ಮಾತಾಡಿಯೇ ಈ ಗುರಿ ಇಟ್ಟುಕೊಂಡೆವು. ಅಕ್ಕಿ, ಗೋಧಿ, ರಾಗಿ ಸೇರಿ 200 ಗ್ರಾಂ ಧಾನ್ಯದಿಂದ 16 ಗ್ರಾಂ ಪ್ರೋಟೀನ್, 60 ಗ್ರಾಂ ತೊಗರಿಬೇಳೆಯಿಂದ 13, ಎರಡು ಮೊಟ್ಟೆಯಿಂದ 12, ಹಾಲು ಮೊಸರು ಸೇರಿ 400 ಮಿಲಿಲೀಟರಿನಿಂದ 13, ಒಂದು ಹಿಡಿ ಹುರಿಗಡಲೆಯಿಂದ ಐದಾರು ಗ್ರಾಂ. ಇದರಲ್ಲಿ ಡಬ್ಬಿಯ ಪುಡಿ ಯಾವುದೂ ಇಲ್ಲ. ಬಾಯಿಗೆ ಅಷ್ಟು ಹೋಗದಿದ್ದಾಗ ಪುಡಿಗಳನ್ನೂ ಬಳಸುತ್ತೇವೆ, ಆದರೆ ಎಂಟುನೂರು ರೂಪಾಯಿಯ ಡಬ್ಬಿ ಬರೆದುಕೊಟ್ಟು ತಟ್ಟೆಯ ಕಡೆ ನೋಡದಿರುವುದು ಚಿಕಿತ್ಸೆಯೆನಿಸುವುದಿಲ್ಲ. ಬರೆದ ಆಹಾರ ಹೊಟ್ಟೆ ಸೇರಿತೇ ಎಂದು ತಿಳಿಯಲು ಊಟದ ಟ್ರಾಲಿ ಹಿಂದಿರುಗುವಾಗ ನಿಂತು ನೋಡಬೇಕು. ಉಂಡದ್ದು ಪೂರ್ತಿ, ಮುಕ್ಕಾಲು, ಅರ್ಧ, ಕಾಲು ಎಂದು ನಾಲ್ಕೇ ಗುರುತು ಸಾಕು. ನಮ್ಮಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುವವರು ಅಡುಗೆಮನೆಯ ಆಯಾಗಳು.

ಇಷ್ಟರಿಂದ ಪ್ರಯೋಜನವಾಗುತ್ತದೆಯೇ ಎಂದು ಅನುಮಾನಿಸುವ ವೈದ್ಯಮಿತ್ರರಿಗೆ ನಾನು ಸ್ವಿಟ್ಜರ್ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವನ್ನು ತೋರಿಸುತ್ತೇನೆ. ಅಪಾಯದಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ವೈಯಕ್ತಿಕ ಗುರಿ ನಿಗದಿಮಾಡಿ ಉಣಿಸಿದಾಗ, ಮೂವತ್ತು ದಿನಗಳಲ್ಲಿ ಗಂಭೀರ ತೊಡಕುಗಳು ಶೇ 27ರಿಂದ 23ಕ್ಕೆ, ಸಾವು ಶೇ 10ರಿಂದ 7ಕ್ಕೆ ಇಳಿದಿದ್ದವು.

ಉಣಿಸುವ ಅವಸರದಲ್ಲಿಯೂ ಒಂದು ಅಪಾಯವಿದೆ. ಬಹುದಿನ ಉಪವಾಸವಿದ್ದವರಿಗೆ ಒಮ್ಮೆಗೇ ಹೊಟ್ಟೆ ತುಂಬ ಬಡಿಸಬಾರದೆಂದು ಹಿರಿಯರು ಹೇಳುತ್ತಿದ್ದುದಕ್ಕೆ ವೈದ್ಯಶಾಸ್ತ್ರದಲ್ಲಿ ಕಹಿಯಾದ ಸಾಕ್ಷ್ಯವಿದೆ. ಎರಡನೆಯ ಮಹಾಯುದ್ಧದ ಕೊನೆಗೆ ಸೆರೆಶಿಬಿರಗಳಿಂದ ಬಿಡುಗಡೆಯಾದ ಕೈದಿಗಳಲ್ಲಿ ಕೆಲವರು ಊಟ ಸಿಕ್ಕ ಮೇಲೆ ಸತ್ತರು. ಹಸಿದ ದೇಹಕ್ಕೆ ಪಿಷ್ಟ, ಸಕ್ಕರೆ ಏಕಾಏಕಿ ಬಂದಾಗ ಇನ್ಸುಲಿನ್ ಏರಿ, ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ಸೆಳೆಯಲ್ಪಡುತ್ತವೆ. ಹೃದಯದ ಬಡಿತ ತಪ್ಪುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ಬಿಎಂಐ 16ಕ್ಕಿಂತ ಕಡಿಮೆಯಿರುವವರು, ಹತ್ತು ದಿನ ಮೀರಿ ಏನೂ ತಿನ್ನದವರು, ಊಟ ಬಿಟ್ಟು ಕುಡಿತದಲ್ಲೇ ಇದ್ದವರು ಈ ಅಪಾಯವಿರುವ ಗುಂಪಿಗೆ ಸೇರುತ್ತಾರೆ. ಇವರಿಗೆ ಮೊದಲು ಥಯಮಿನ್ (ಬಿ1 ಜೀವಸತ್ವ) ಕೊಟ್ಟು, ಲವಣಗಳ ಪರೀಕ್ಷೆ ಮಾಡಿಸಿ, ಕಿಲೋ ತೂಕಕ್ಕೆ ಸುಮಾರು 10 ಕ್ಯಾಲೊರಿಯಿಂದ ಆರಂಭಿಸಿ ನಾಲ್ಕರಿಂದ ಏಳು ದಿನಗಳಲ್ಲಿ ಪೂರ್ಣ ಪ್ರಮಾಣಕ್ಕೆ ಏರಿಸುತ್ತೇವೆ. ‘ಪಾಪ, ಎಷ್ಟು ಸೊರಗಿದ್ದಾರೆ’ ಎಂದು ಸಂಬಂಧಿಕರು ಮೂರು ಲೋಟ ಹಣ್ಣಿನ ರಸ ಕುಡಿಸುವುದನ್ನು ತಡೆಯುವುದೇ ಆ ವಾರದ ದೊಡ್ಡ ಕೆಲಸವಾಗುತ್ತದೆ.

ದೀರ್ಘಕಾಲದ ಕಾಯಿಲೆಗಳಲ್ಲಿ ಒಂದೇ ಆಹಾರ ಚೀಟಿ ಜೀವನಪರ್ಯಂತ ನಡೆಯುವುದಿಲ್ಲ. ಮೂತ್ರಪಿಂಡದ ರೋಗಿಗೆ ಡಯಾಲಿಸಿಸ್ ಶುರುವಾದ ದಿನದಿಂದ ಪ್ರೋಟೀನಿನ ಅಗತ್ಯ ಹೆಚ್ಚಿ, ಕಿಲೋಗೆ 1ರಿಂದ 1.2 ಗ್ರಾಂ ಆಗುತ್ತದೆ. ಎರಡು ವರ್ಷದ ಹಿಂದಿನ ಚೀಟಿ ಹಿಡಿದು ಬೇಳೆಗೆ ಹೆದರುತ್ತಿರುವ ಡಯಾಲಿಸಿಸ್ ರೋಗಿಗಳನ್ನು ನಾನು ಪ್ರತಿ ವಾರ ನೋಡುತ್ತೇನೆ. ಪೊಟ್ಯಾಸಿಯಂ ಹೆಚ್ಚಾಗುವವರಿಗೆ ಎಳನೀರು ಸಲ್ಲದು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಸೇರಿರುವುದರಿಂದ ಅದೂ ಅಪಾಯ. ತರಕಾರಿಯನ್ನು ಚಿಕ್ಕದಾಗಿ ಹೆಚ್ಚಿ ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ತಗ್ಗುತ್ತದೆ; ಬಸ್ಸಾರಿನ ಊರುಗಳಲ್ಲಿ ಇದನ್ನು ಹೇಳುವಾಗ, ಬಸಿದ ಕಟ್ಟನ್ನು ಸಾರು ಮಾಡದೆ ಚೆಲ್ಲಬೇಕೆಂದು ಒತ್ತಿ ಹೇಳದಿದ್ದರೆ ಹೋದ ಪೊಟ್ಯಾಸಿಯಂ ಸಾರಿನ ಪಾತ್ರೆಯಿಂದಲೇ ಹಿಂತಿರುಗುತ್ತದೆ. ಯಕೃತ್ತು ಗಟ್ಟಿಯಾದವರಿಗೆ ಪ್ರೋಟೀನ್ ನಿಲ್ಲಿಸುವ ಹಳೆಯ ಪದ್ಧತಿಯನ್ನು ಕೈಬಿಟ್ಟಾಗಿದೆ. ಅವರು ಮಲಗುವ ಮುನ್ನ ಏನಾದರೂ ತಿನ್ನುವುದು ಅಗತ್ಯ.

ಕ್ಷಯದ ವಿಷಯದಲ್ಲಿ ನಮ್ಮ ದೇಶದ್ದೇ ಸಾಕ್ಷ್ಯವಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಗಳಿಗೆ ದಿನಕ್ಕೆ 1,200 ಕ್ಯಾಲೊರಿ ಮತ್ತು 52 ಗ್ರಾಂ ಪ್ರೋಟೀನ್ ಒದಗಿಸುವ ಪಡಿತರ ಕೊಟ್ಟು, ಮನೆಮಂದಿಗೂ ಆಹಾರ ಪೂರೈಸಿದಾಗ, ಆ ಮನೆಗಳ ಇತರರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಕ್ಷಯ ರೋಗಿಗಳ ಆಹಾರಕ್ಕಾಗಿ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಮಾಸಿಕ ನೆರವು 2018ರಲ್ಲಿ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ರೂಪಾಯಿಯಾಗಿದೆ. ಕ್ಷಯದ ಔಷಧಿ ಪಡೆಯುತ್ತಿರುವವರು ತಮ್ಮ ಬ್ಯಾಂಕ್ ಖಾತೆಯ ವಿವರ ನೋಂದಣಿಯಾಗಿದೆಯೇ ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.

ಕಾಲಿನ ಹುಣ್ಣಿನ ತಾಯಿ ಹದಿನಾರನೆಯ ದಿನ ಮನೆಗೆ ಹೋದರು. ಬಿಡುಗಡೆಯ ಚೀಟಿಯಲ್ಲಿ ಗ್ರಾಂ ಲೆಕ್ಕ ಬರೆಯದೆ, ಅವರ ಮನೆಯ ಸೌಟು ಮತ್ತು ಲೋಟದ ಅಳತೆಯಲ್ಲಿ ಬರೆದುಕೊಟ್ಟೆ. ಮುಂದಿನ ತೂಕದ ತಾರೀಖನ್ನೂ ಅದರಲ್ಲಿಯೇ ನಮೂದಿಸಿದೆ. ಆರು ವಾರಗಳ ನಂತರ ಬಂದಾಗ ತೂಕ 51.4 ಕಿಲೋ ಆಗಿತ್ತು, ಹುಣ್ಣು ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ನಡುವೆ ಹತ್ತು ದಿನ ಮೊಟ್ಟೆ ನಿಂತಿತ್ತಂತೆ. ಕಾರಣ ಕೇಳಿದರೆ ಸೊಸೆ ನಕ್ಕು, "ಪಕ್ಕದ ಮನೆ ಅತ್ತೆ ನೋಡಿಬಿಟ್ಟರು ಮೇಡಂ, ಮತ್ತೆ ನಂಜು ಅಂದರು" ಎಂದರು. ಮೊಟ್ಟೆಯ ಬದಲು ಹುರಿಗಡಲೆ, ಮೊಸರು ಹೆಚ್ಚಿಸಿದ್ದೇನೆ, ಮತ್ತು ಮುಂದಿನ ಸಲ ಆ ಪಕ್ಕದ ಮನೆಯ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಬರಲು ಹೇಳಿದ್ದೇನೆ.