ಹಳೆಯ 10 ಬೋರಿನ ಜೋಡುನಳಿಗೆ ಕೋವಿಗೆ ಇಂದಿನ ತೋಟಾ ಹಾಕಬಹುದೇ?

ಓದುಗರ ಪ್ರಶ್ನೆ: ಸುಮಾರು 1890ರ ಕಾಲದ 10 ಬೋರಿನ ಜೋಡುನಳಿಗೆ ಕೋವಿಯೊಂದನ್ನು ಸಂಗ್ರಹಕ್ಕೆಂದು ಕೊಂಡಿದ್ದೇನೆ. ನಳಿಗೆಗಳ ಮೈಮೇಲೆ ಸುರುಳಿ ಸುರುಳಿಯಾದ ಚಿತ್ತಾರವಿದೆ. ನೋಡಲು ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಈಗ ಮಾರಾಟಕ್ಕಿರುವ 10 ಬೋರಿನ ತೋಟಾಗಳನ್ನು ಇದರಲ್ಲಿ ಹಾರಿಸಬಹುದೇ?

ಉತ್ತರ: ಆ ತೋಟಾಗಳನ್ನು ಹಾರಿಸಬಾರದು. ಹಾಗೆಂದ ಮಾತ್ರಕ್ಕೆ ಈ ಕೋವಿಯಿಂದ ಇನ್ನೆಂದೂ ಈಡು ಹೊಡೆಯುವಂತಿಲ್ಲ ಎಂದು ತಿಳಿಯಬೇಕಾಗಿಲ್ಲ. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಇವುಗಳನ್ನು ಒಂದೆಂದು ತಿಳಿದವರು ಒಂದೋ ಒಳ್ಳೆಯ ಕೋವಿಯನ್ನು ಸುಮ್ಮನೆ ಗೋಡೆಗೆ ತೂಗುಹಾಕುತ್ತಾರೆ, ಇಲ್ಲವೇ ಕೈಬೆರಳುಗಳನ್ನು ಪಣಕ್ಕಿಡುತ್ತಾರೆ.

ಮೊದಲು ತೋಟಾದ ಉದ್ದವನ್ನು ನೋಡೋಣ. ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗಕ್ಕೆ ಚೇಂಬರ್ ಎನ್ನುತ್ತಾರೆ. 19ನೇ ಶತಮಾನದ 10 ಬೋರಿನ ಕೋವಿಗಳಲ್ಲಿ ಇದು ಹೆಚ್ಚಾಗಿ ಎರಡೂ ಐದೆಂಟಾಂಶ ಇಂಚು, ಅಂದರೆ ಸುಮಾರು 67 ಮಿಲಿಮೀಟರ್, ಅಥವಾ ಎರಡೂ ಏಳೆಂಟಾಂಶ ಇಂಚು, ಅಂದರೆ 73 ಮಿಲಿಮೀಟರ್ ಇರುತ್ತದೆ. ಇಂದು ಸಾಮಾನ್ಯವಾಗಿ ಸಿಗುವ 10 ಬೋರಿನ ತೋಟಾ 1932ರಲ್ಲಿ ಅಮೆರಿಕದಲ್ಲಿ ಬಂದ ಮೂರೂವರೆ ಇಂಚಿನ ಮ್ಯಾಗ್ನಂ, ಅಂದರೆ ಹೆಚ್ಚು ಬಲದ ತೋಟಾ. ತೋಟಾದ ಮೇಲೆ ನಮೂದಿಸಿರುವುದು ಅದು ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದವೇ ಹೊರತು ಸಿಡಿಯುವ ಮುನ್ನ ಬಾಯಿ ಮಡಿಸಿಕೊಂಡಿರುವಾಗಿನ ಉದ್ದವಲ್ಲ. ಆದ್ದರಿಂದ ಅಳತೆಗೆ ಮೀರಿದ ತೋಟಾ ಗಿಡ್ಡ ಚೇಂಬರಿನೊಳಗೆ ಸಲೀಸಾಗಿ ಹೋಗಿಬಿಡಬಹುದು. ಸಿಡಿದಾಗ ಅದರ ಬಾಯಿ ಚೇಂಬರಿನ ಮುಂದಿನ ಇಕ್ಕಟ್ಟಾದ ಭಾಗದಲ್ಲಿ ತೆರೆದುಕೊಂಡು ಚರೆಯ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳ, ದಾರಿಯನ್ನು ಕಿರಿದಾಗಿಸುತ್ತದೆ ಮತ್ತು ಒತ್ತಡ ಏರುತ್ತದೆ. ತೋಟಾ ಹಾಕಿದ ಮೇಲೆ ಕೋವಿ ಸರಿಯಾಗಿ ಮುಚ್ಚಿಕೊಂಡಿತು ಎಂಬುದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಇದರ ಜೊತೆಗೆ, ಆ ಮ್ಯಾಗ್ನಂ ತೋಟಾ ಹೊಗೆರಹಿತ ಮದ್ದಿನದು. ಹಳೆಯ ಕಾಲದ, ಹೊಗೆ ಕಾರುವ ಕರಿಮದ್ದಿಗೆಂದು ಕಟ್ಟಿದ ನಳಿಗೆ ಕಂಡರಿಯದ ಒತ್ತಡಕ್ಕೆ ಹೊಂದಿಸಿ ತಯಾರಿಸಿದ್ದು.

ಇನ್ನು ಚಿತ್ತಾರದ ವಿಷಯ. ಅದು ಡಮಾಸ್ಕಸ್ ನಳಿಗೆಯ ಗುರುತು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಒಟ್ಟಿಗೆ ಹುರಿಮಾಡಿ, ಕಾಯಿಸಿ, ಸರಳಿನ ಸುತ್ತ ಸುತ್ತಿ ಬಡಿದು ಬೆಸೆಯುತ್ತಿದ್ದರು. ಮೈಗೆ ಕಂದುಬಣ್ಣ ಕೊಟ್ಟಾಗ ಎರಡು ಲೋಹಗಳು ಬೇರೆ ಬೇರೆಯಾಗಿ ಬಣ್ಣ ಹೀರಿ ಚಿತ್ತಾರ ಮೂಡುತ್ತಿತ್ತು. ಡಮಾಸ್ಕಸ್ ಎಂದರೆ ಒಡೆಯುವ ನಳಿಗೆ ಎಂಬ ಮಾತು ಬಹಳ ಕಾಲದಿಂದ ನಡೆದುಬಂದಿದೆ. ಅದನ್ನು ಹಾಗೆಯೇ ಒಪ್ಪಲು ನನಗೆ ಮನಸ್ಸಿಲ್ಲ. 19ನೇ ಶತಮಾನದ ಕೊನೆಯಲ್ಲಿ ಕೋವಿಗಳನ್ನು ಪರೀಕ್ಷಿಸಿ ಮುದ್ರೆಯೊತ್ತುವ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿನಲ್ಲಿ ಹಲವು ಬಗೆಯ ನಳಿಗೆಗಳನ್ನು ಹಂತಹಂತವಾಗಿ ಮದ್ದು ಹೆಚ್ಚಿಸಿ ಪರೀಕ್ಷಿಸಿದಾಗ, ಮೂರು ಸರಳುಗಳಿಂದ ಹೆಣೆದ ಇಂಗ್ಲಿಷ್ ಪದರುಕ್ಕಿನ, ಅಂದರೆ ಡಮಾಸ್ಕಸ್‌ನಂತೆಯೇ ಬಡಿದು ಬೆಸೆದ, ನಳಿಗೆಯೇ ಮೊದಲ ಸ್ಥಾನದಲ್ಲಿ ನಿಂತಿತ್ತು. ಹೊಸದಾಗಿದ್ದಾಗ ಒಳ್ಳೆಯ ಡಮಾಸ್ಕಸ್ ದುರ್ಬಲವಾಗಿರಲಿಲ್ಲ. ಆದರೆ ನಿಮ್ಮ ಕೈಯಲ್ಲಿರುವುದು ಹೊಸ ನಳಿಗೆಯಲ್ಲ. ಕರಿಮದ್ದಿನ ಮಸಿ ತೇವ ಹೀರಿ ತುಕ್ಕು ಹಿಡಿಸುತ್ತದೆ. ಆ ತುಕ್ಕು ಬೆಸುಗೆಯ ಗೆರೆಗಳುದ್ದಕ್ಕೂ ಕಣ್ಣಿಗೆ ಬೀಳದಂತೆ ಒಳಗಿಳಿದಿರಬಹುದು. ತುಕ್ಕಿನ ಗುಳಿಗಳನ್ನು ಮರೆಮಾಡಲು ಹಿಂದಿನ ಯಾರೋ ನಳಿಗೆಯ ಒಳಮೈಯನ್ನು ಉಜ್ಜಿ ಹೊಳಪಿಸಿದ್ದರೆ ಗೋಡೆ ಇನ್ನೂ ತೆಳುವಾಗಿರುತ್ತದೆ. ಕನ್ನಡಿಯಂತೆ ಹೊಳೆಯುವ ಒಳಮೈ ಕಂಡು ಹಿಗ್ಗುವ ಸಂಗ್ರಾಹಕರನ್ನು ನೋಡಿದಾಗಲೆಲ್ಲ ನನಗೆ ಮೊದಲು ಹುಟ್ಟುವುದು ಅನುಮಾನವೇ.

ಈ ಅನುಮಾನವನ್ನು ತೀರಿಸುವುದು ಮುದ್ರೆ ಮತ್ತು ಅಳತೆ. ಬೋರ್ ಎಂದರೆ, ನಳಿಗೆಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ಬರುತ್ತವೆ ಎಂಬ ಲೆಕ್ಕ. ಹಾಗಾಗಿ ಸಂಖ್ಯೆ ಕಿರಿದಾದಷ್ಟೂ ನಳಿಗೆ ಅಗಲ. 12 ಬೋರಿನ ವ್ಯಾಸ 18.5 ಮಿಲಿಮೀಟರ್, 10 ಬೋರಿನದು 19.7, 8 ಬೋರಿನದು 21.2. ಬ್ರಿಟಿಷ್ ಕೋವಿಯಾದರೆ ನಳಿಗೆಯ ತಳದ ಚಪ್ಪಟೆ ಭಾಗದಲ್ಲಿ ಪರೀಕ್ಷೆಯ ದಿನದ ಒಳ ಅಳತೆಯನ್ನು ಒತ್ತಿರುತ್ತಾರೆ. 10 ಬೋರಿನ ಚೇಂಬರಿದ್ದರೂ ನಳಿಗೆಗೆ 11 ಎಂಬ ಮುದ್ರೆ ಇರಬಹುದು. ಅದರ ಅರ್ಥ ಅಂದಿನ ಒಳವ್ಯಾಸ ಸುಮಾರು 19.1 ಮಿಲಿಮೀಟರ್ ಇತ್ತು ಎಂದು. ಇಂದು ಅಳೆದಾಗ 19.7 ಬಂದರೆ, ಸುತ್ತಲೂ 0.3 ಮಿಲಿಮೀಟರಿನಷ್ಟು ಲೋಹ ಕಾಣೆಯಾಗಿದೆ ಎಂದಾಯಿತು, ಮತ್ತು ಆ ಹಳೆಯ ಮುದ್ರೆಯನ್ನು ಇನ್ನು ನೆಚ್ಚುವಂತಿಲ್ಲ. ಬ್ರಿಟನ್ನಿನಲ್ಲಿ ಹೊಗೆರಹಿತ ಮದ್ದಿನ ಪ್ರತ್ಯೇಕ ಪರೀಕ್ಷೆ ಬಂದದ್ದು 1896ರಲ್ಲಿ. ನಿಮ್ಮ ಕೋವಿ ಅದಕ್ಕಿಂತ ಹಿಂದಿನದಾಗಿದ್ದು ಮರುಪರೀಕ್ಷೆಯ ಮುದ್ರೆ ಇಲ್ಲದಿದ್ದರೆ ಅದನ್ನು ಕರಿಮದ್ದಿನ ಕೋವಿ ಎಂದೇ ತಿಳಿಯಬೇಕು. ಅಮೆರಿಕದಲ್ಲಿ ಇಂಥ ಸರ್ಕಾರಿ ಕಡ್ಡಾಯ ಪರೀಕ್ಷೆ ಇರಲಿಲ್ಲವಾದ್ದರಿಂದ, ಪಾರ್ಕರ್ ಅಥವಾ ಎಲ್.ಸಿ. ಸ್ಮಿತ್‌ನಂಥ ಕೋವಿಗಳಲ್ಲಿ ಅಳತೆಯೊಂದೇ ಆಧಾರ.

ಗೋಡೆಯ ದಪ್ಪವನ್ನು ಚೇಂಬರಿನ ಮುಂದಿನಿಂದ ಮೂತಿಯವರೆಗೆ, ಸುತ್ತಲೂ, ಅದಕ್ಕೆಂದೇ ಇರುವ ಗೇಜಿನಿಂದ ಅಳೆಸಬೇಕು. 12 ಬೋರಿನ ಕೋವಿಗಳಿಗೆ ಬ್ರಿಟಿಷ್ ಕೋವಿ ವ್ಯಾಪಾರದಲ್ಲಿ ರೂಢಿಯಾಗಿರುವ 0.020 ಇಂಚಿನ ಕನಿಷ್ಠ ದಪ್ಪವನ್ನು ದೊಡ್ಡ ಬೋರಿಗೆ ಹಾಗೆಯೇ ಅನ್ವಯಿಸಬಾರದು. ಒತ್ತಡವೂ ಗೋಡೆಯ ದಪ್ಪವೂ ಒಂದೇ ಇದ್ದರೂ ವ್ಯಾಸ ಹೆಚ್ಚಿದಂತೆ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. 12ರಿಂದ 8 ಬೋರಿಗೆ ಹೋದರೆ ಅದು ಸುಮಾರು 15 ಶೇಕಡಾ ಅಧಿಕ. ಈ ಕೆಲಸವನ್ನು ಹಳೆಯ ನಳಿಗೆಗಳಲ್ಲಿ ಪಳಗಿದ ಕೋವಿ ಕೆಲಸಗಾರನಿಗೇ ಬಿಡಿ. ನಳಿಗೆಯ ಜೋಡಿಯನ್ನು ತೂಗುಬಿಟ್ಟು ತಟ್ಟಿದಾಗ ಗಂಟೆಯಂತೆ ನಾದ ಬರಬೇಕು ಎಂಬ ಹಳೆಯ ಪರೀಕ್ಷೆ ನಳಿಗೆಗಳನ್ನು ಕೂಡಿಸಿರುವ ಪಟ್ಟಿ ಸಡಿಲವಾಗಿದೆಯೇ ಎಂಬುದನ್ನಷ್ಟೇ ಹೇಳುತ್ತದೆ, ಗೋಡೆಯ ದಪ್ಪವನ್ನು ಹೇಳುವುದಿಲ್ಲ.

ಇಷ್ಟೆಲ್ಲ ಪರೀಕ್ಷೆಯಲ್ಲಿ ಕೋವಿ ಗೆದ್ದರೆ, ಅದರ ಚೇಂಬರಿನ ಉದ್ದಕ್ಕೆ ಸರಿಹೊಂದುವ, ಕರಿಮದ್ದು ತುಂಬಿದ ಹಗುರ ತೋಟಾಗಳನ್ನು ಹಾರಿಸಬಹುದು. ಚರೆ ಸೀಸದ್ದು ಇಲ್ಲವೇ ಬಿಸ್ಮತ್‌ನದು ಇರಲಿ. ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ 1991ರಿಂದ ಸೀಸದ ಚರೆ ಎಲ್ಲೆಡೆ ನಿಷಿದ್ಧ. ಅಲ್ಲಿ ಅದರ ಬದಲಿಗೆ ಬಳಸುವ ಉಕ್ಕಿನ ಚರೆ ಇಂಥ ನಳಿಗೆಯ ಬಿಗಿಯಾದ ಚೋಕಿನಲ್ಲಿ, ಅಂದರೆ ಮೂತಿಯ ಬಳಿಯ ಕಿರಿದಾದ ಭಾಗದಲ್ಲಿ, ಹಾಯುವಾಗ ಲೋಹವನ್ನು ಹೊರಕ್ಕೆ ಉಬ್ಬಿಸಬಲ್ಲದು. 10 ಬೋರಿನೊಳಗೆ ಗಿಡ್ಡ ಕೊಳವೆ ಕೂರಿಸಿ 12 ಬೋರಿನ ತೋಟಾ ಹಾರಿಸುವ ಉಪಾಯವನ್ನೂ ಕೆಲವರು ಸೂಚಿಸುತ್ತಾರೆ. ಅಂಥ ಕೊಳವೆ ಚೇಂಬರಿಗೆ ಆಸರೆಯಾದೀತು, ಅದರಾಚೆಯ ನಳಿಗೆಗೆ ಅಲ್ಲ.

ಮೊದಲ ಈಡುಗಳನ್ನು ಭುಜಕ್ಕಿಟ್ಟು ಹೊಡೆಯದೆ, ಕೋವಿಯನ್ನು ಭದ್ರವಾಗಿ ಬಿಗಿದು, ದೂರದಿಂದ ದಾರ ಎಳೆದು ಹೊಡೆಯುವುದು ವಾಡಿಕೆ. ಆಮೇಲೂ ಸ್ವಲ್ಪ ಕಾಲ ಒಂದು ನಳಿಗೆಗೆ ಮಾತ್ರ ತೋಟಾ ಹಾಕಿ. ಸುತ್ತಿಗೆಯನ್ನು ಹಿಡಿದಿಡುವ ಒಳಗಿನ ಕೊಕ್ಕೆಗಳು ಸವೆದಿದ್ದರೆ ಒಂದು ಈಡಿನ ಅದುರಿಗೆ ಇನ್ನೊಂದೂ ಹಾರಿಬಿಡುತ್ತದೆ. ನಾಲ್ಕೂವರೆ ಕಿಲೋ ತೂಗುವ ಕೋವಿಯಾದರೂ ಎರಡೂ ನಳಿಗೆಗಳ ಒದೆತವನ್ನು ಒಮ್ಮೆಗೇ ಭುಜ ತಡೆದುಕೊಳ್ಳುವುದು ಕಷ್ಟ.