ರಿಂಗಿನ ಕೊಕ್ಕೆ ಮತ್ತು ಪೇರೆಂಟ್ ಫ್ರೇಮ್

ಒಂದು ಕಟ್ಟಡ ಭೂಕಂಪಕ್ಕೆ ತಡೆಯುತ್ತದೋ ಇಲ್ಲವೋ ಅಂತ ಹೇಳುವ ಎಕ್ಸ್‌ಪರ್ಟ್ ಸಿಸ್ಟಮ್, ಅಂದರೆ ಪರಿಣತರ ಹಾಗೆ ತೀರ್ಮಾನ ಹೇಳುವ ಕಂಪ್ಯೂಟರ್ ಪ್ರೋಗ್ರಾಂ ಮಾಡುತ್ತೀರಿ ಅಂದುಕೊಳ್ಳಿ. ಪುಣೆಯ ವಾಕಡಿನಲ್ಲಿರುವ ಆರ್‌ಸಿಸಿ ಕಟ್ಟಡ ಅಂದರೆ ಸಾಕು, ಮಿಕ್ಕಿದ್ದನ್ನು ಅದೇ ತುಂಬಿಕೊಳ್ಳಬೇಕು. ಗೋಡೆ ಎಲ್ಲಿದೆ, ಯಾವ ಭೂಕಂಪ ವಲಯ, ಕಾಲಂ ಎಷ್ಟು ಗಟ್ಟಿ ಅಂತ ಒಂದೊಂದನ್ನೂ ಕೇಳುತ್ತಾ ಕೂತರೆ ಉತ್ತರ ಕೊಡಲು ಯಾರಿಗಿದೆ ಪುರುಸೊತ್ತು?

ಇದಕ್ಕೊಂದು ದಾರಿ ತೋರಿಸಿದವರು ಎಂಐಟಿಯ ಮಾರ್ವಿನ್ ಮಿನ್ಸ್ಕಿ, 1974ರಲ್ಲಿ. ತಿಳಿವಳಿಕೆಯನ್ನು ಫ್ರೇಮ್‌ಗಳಾಗಿ ಇಡಿ ಅಂದರು. ಪ್ರತಿ ಫ್ರೇಮಿನಲ್ಲೂ ಸ್ಲಾಟ್‌ಗಳು, ಅಂದರೆ ಮಾಹಿತಿ ತುಂಬುವ ಖಾನೆಗಳು, ಬೇರೆ ಮಾಹಿತಿ ಸಿಗುವ ತನಕ ಆ ಸ್ಲಾಟಿನಲ್ಲಿ ಕೂತಿರುವ ಡಿಫಾಲ್ಟ್ ಉತ್ತರ. ನಮ್ಮ ಸಿಸ್ಟಮ್‌ನಲ್ಲಿ 'ಕಟ್ಟಡ' ಪೇರೆಂಟ್ ಫ್ರೇಮ್, ಅದರ ಕೆಳಗೆ 'ಆರ್‌ಸಿಸಿ ಕಟ್ಟಡ', ಅದರ ಕೆಳಗೆ 'ಸ್ಟಿಲ್ಟ್ ಪಾರ್ಕಿಂಗ್ ಇರುವ ಕಟ್ಟಡ'. ಕೆಳಗಿನ ಸ್ಲಾಟ್ ಖಾಲಿ ಇದ್ದರೆ ಮೇಲಿನ ಉತ್ತರವೇ ಇಳಿದು ಬರುತ್ತದೆ, ಅಪ್ಪನ ಆಸ್ತಿ ಬಂದ ಹಾಗೆ. ಸಾಲವೂ ಹಾಗೇ ಬರುತ್ತದೆ ಅಲ್ವಾ, ಅದೇ ತೊಂದರೆ.

ಸ್ಟಿಲ್ಟ್ ಕಟ್ಟಡವನ್ನೇ ನೋಡಿ. ಪೇರೆಂಟ್‌ನಲ್ಲಿ 'ಪ್ರತಿ ಮಹಡಿಯಲ್ಲೂ ಗೋಡೆ: ಇದೆ' ಅಂತಿದ್ದು, ಕೆಳಗೆ ಯಾರೂ ಅದನ್ನು ತಿದ್ದದಿದ್ದರೆ, ಕಾರು ನಿಲ್ಲಿಸುವ ಬರೀ ಕಾಲಂಗಳ ಜಾಗವೂ ಮೇಲಿನ ಮನೆಗಳಷ್ಟೇ ಗಟ್ಟಿ ಅಂತ ಕಂಪ್ಯೂಟರ್ ನಂಬುತ್ತದೆ. ನೆಲ ನಡುಗಿದಾಗ ಆಗೋದೇ ಬೇರೆ. ಇಟ್ಟಿಗೆ ಗೋಡೆ ತುಂಬಿದ ಮೇಲಿನ ಮಹಡಿಗಳು ಒಂದೇ ಗಡ್ಡೆಯಾಗಿ ನಿಲ್ಲುತ್ತವೆ, ವಾಲಾಟವೆಲ್ಲ ಕೆಳಗಿನ ಕಾಲಂಗಳ ಮೇಲೆ ಬೀಳುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಇಂಥ ಅಪಾರ್ಟ್‌ಮೆಂಟುಗಳು ಕುಸಿದವು. ಸಿಸ್ಟಮ್‌ನಲ್ಲಿ ಇದನ್ನು ತಿದ್ದೋದು ಸುಲಭ: 'ಪಾರ್ಕಿಂಗ್' ಅಂತ ಸ್ಲಾಟ್ ತುಂಬಿದ ಕೂಡಲೇ ಮಹಡಿಗಳ ಗಟ್ಟಿತನ ಹೋಲಿಸಿ ನೋಡುವ ಒಂದು ಪ್ರೊಸೀಜರನ್ನು ಆ ಸ್ಲಾಟಿಗೇ ಕಟ್ಟಿಬಿಡಬಹುದು.

ನನಗೆ ಜಾಸ್ತಿ ದಿಗಿಲು ಹುಟ್ಟಿಸೋದು 'ಆರ್' ಅನ್ನುವ ಇನ್ನೊಂದು ಸ್ಲಾಟ್, ಅಂದರೆ ಲೆಕ್ಕದಲ್ಲಿ ಭೂಕಂಪದ ಬಲವನ್ನು ಎಷ್ಟು ಪಟ್ಟು ಇಳಿಸಬಹುದು ಅನ್ನುವ ಅಂಕಿ. ಭೂಕಂಪ ತಾಳುವ ಕಟ್ಟಡಗಳ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ಮುಂಬೈ, ಪುಣೆ, ಗೋವಾ ಎಲ್ಲವೂ ಮೂರನೇ ವಲಯ, ಆ ವಲಯದ ನಡುಕದ ಅಂಕಿ 0.16. ಮಾನಕದ ಲೆಕ್ಕದಂತೆ ಅದರ ಅರ್ಧವನ್ನು, ತಗ್ಗು ಕಟ್ಟಡಕ್ಕೆ ಹಿಡಿಯುವ 2.5ರಿಂದ ಗುಣಿಸಿದರೆ 0.20. ಅಂದರೆ ತಗ್ಗಾದ, ಬಿಗಿಯಾದ ಕಟ್ಟಡ ಎಲ್ಲೂ ಬಗ್ಗದೆ ಮಣಿಯದೆ ನಿಲ್ಲಬೇಕಾದರೆ ತನ್ನ ತೂಕದ ಶೇಕಡಾ 20ರಷ್ಟು ಅಡ್ಡ ಬಲ ತಾಳಬೇಕು. ಅಷ್ಟಕ್ಕೆ ಯಾರೂ ಕಟ್ಟಲ್ಲ. ಅದನ್ನು 'ಆರ್'ನಿಂದ ಭಾಗಿಸುತ್ತಾರೆ. ಸ್ಪೆಷಲ್ ಮೊಮೆಂಟ್ ರೆಸಿಸ್ಟಿಂಗ್ ಫ್ರೇಮ್ (ಇದು ಮಿನ್ಸ್ಕಿಯ ಫ್ರೇಮ್ ಅಲ್ಲ, ನಡುಗಿದಾಗ ಮುರಿಯದೆ ಬಗ್ಗುವಂತೆ ಕಟ್ಟಿದ ಬೀಮ್-ಕಾಲಂ ಚೌಕಟ್ಟು) ಆದರೆ 'ಆರ್' 5, ಉಳಿಯೋದು ಶೇಕಡಾ 4 ಮಾತ್ರ! ಇಷ್ಟು ರಿಯಾಯಿತಿ ಯಾಕೆ ಅಂದರೆ, ಬೀಮ್‌ಗಳ ತುದಿಯಲ್ಲಿ ಕಂಬಿ ಹಿಗ್ಗಿ ಭೂಕಂಪದ ಶಕ್ತಿಯನ್ನು ನುಂಗಿಕೊಳ್ಳುತ್ತದೆ, ಕಾಲಂಗಳು ನಿಂತೇ ಇರುತ್ತವೆ ಅನ್ನುವ ಲೆಕ್ಕಾಚಾರ. ಅದಕ್ಕೇ ಬೀಮ್ ಕಾಲಂ ಸೇರುವಲ್ಲಿ ಕಾಲಂಗಳ ಬಲ ಬೀಮ್‌ಗಳ ಬಲದ 1.4 ಪಟ್ಟಾದರೂ ಇರಬೇಕು ಅಂತ ಇಂಥ ಚೌಕಟ್ಟಿಗೆ ಕಂಬಿ ಕಟ್ಟುವ ಬಗೆ ಹೇಳುವ ಮಾನಕ ಐಎಸ್ 13920 ಹೇಳುತ್ತದೆ.

ಈ 5ಕ್ಕೆ ಹಕ್ಕು ಬರಬೇಕಾದರೆ ರಿಂಗ್ ಸರಿ ಇರಬೇಕು. ಕಾಲಂನ ಉದ್ದ ಕಂಬಿಗಳನ್ನು ಸುತ್ತುವ ರಿಂಗಿನ ಕೊಕ್ಕೆ 135 ಡಿಗ್ರಿ ಬಗ್ಗಿ ಒಳಗಿನ ಕಾಂಕ್ರೀಟಿಗೆ ಕಚ್ಚಿಕೊಂಡಿರಬೇಕು, ಬಾಲ ಕಂಬಿಯ ದಪ್ಪದ 6 ಪಟ್ಟು, ಕಡಿಮೆ ಅಂದರೂ 65 ಮಿಲಿಮೀಟರ್. ಬರೀ 90 ಡಿಗ್ರಿ ಬಗ್ಗಿಸಿ ಬಿಟ್ಟರೆ ಹೊರಗಿನ ಕಾಂಕ್ರೀಟ್ ಉದುರಿದ ತಕ್ಷಣ ರಿಂಗ್ ಬಿಚ್ಚಿಕೊಳ್ಳುತ್ತದೆ, ಉದ್ದ ಕಂಬಿ ಹೊರಗೆ ಉಬ್ಬುತ್ತದೆ, ಕಾಲಂ ಪುಡಿಯಾಗುತ್ತದೆ.

ಪುಣೆಯ ಸೈಟುಗಳಲ್ಲಿ ಕಂಬಿ ಕೆಲಸ ಮಾಡುವವರಲ್ಲಿ ನಮ್ಮ ಕಲಬುರಗಿ, ಯಾದಗಿರಿ ಕಡೆಯವರೂ ಇದ್ದಾರೆ. ಅವರಲ್ಲೊಬ್ಬರನ್ನು ಕೇಳಿದ್ದಕ್ಕೆ, "ಕೊಕ್ಕಿ ಅಷ್ಟು ಬಗ್ಗಿಸಿದ್ರ ಮ್ಯಾಲಿಂದ ಇಳಸಾಕ ಭಾಳ ತ್ರಾಸ್ ಆಗ್ತದ್ರೀ ಸರ್, ಟೈಮ್ ಯಾರ್ ಕೊಡ್ತಾರ?" ಅಂದರು. ಅವರ ಮಾತು ಸುಳ್ಳಲ್ಲ. ಅತ್ತ ಆಫೀಸಿನ ಸಾಫ್ಟ್‌ವೇರಿನಲ್ಲಿ ಪೇರೆಂಟ್ ಫ್ರೇಮಿನಿಂದ 5 ಸುಮ್ನೆ ಇಳಿದು ಬಂದು ಕೂತಿರುತ್ತದೆ, ಸೈಟಿನ ಕೊಕ್ಕೆಯ ಸುದ್ದಿ ಅದಕ್ಕೆ ಯಾರೂ ಮುಟ್ಟಿಸಿರಲ್ಲ. ಕಾಂಕ್ರೀಟ್ ಬಿದ್ದ ಮೇಲೆ ನೋಡಬೇಕೆಂದರೆ ಕಾಲಂ ಕೆತ್ತಬೇಕು.

ಹಳೇ ಕಟ್ಟಡ ಪರೀಕ್ಷೆ ಮಾಡುವ ಸಿಸ್ಟಮ್ ಆದರೆ ನಾನು ಡಿಫಾಲ್ಟ್ 3 ಅಂತಲೇ ಇಡುತ್ತೇನೆ, ಅದು ಆರ್ಡಿನರಿ ಫ್ರೇಮಿನ, ಅಂದರೆ ಅಂಥ ವಿಶೇಷ ಕಂಬಿ ಕೆಲಸ ಇಲ್ಲದ ಚೌಕಟ್ಟಿನ ಅಂಕಿ. ಹೊಸದಾಗಿ ಕಟ್ಟುವಾಗ ಈ ವಲಯದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ರಿಂಗ್ ಕಟ್ಟಿದಾಗಿನ ಫೋಟೋ ತೋರಿಸಿದವರಿಗೆ ಮಾತ್ರ 5. ಹಾಗೆ ಮಾಡಿದರೆ ಶೇಕಡಾ 4 ಇದ್ದದ್ದು ಸುಮಾರು 6.7 ಆಗುತ್ತದೆ, ಎಷ್ಟೋ ಕಟ್ಟಡಗಳು ಫೇಲ್ ಅಂತ ಬರಬಹುದು, ಸೊಸೈಟಿ ಮೀಟಿಂಗಿನಲ್ಲಿ ಗಲಾಟೆ ಆಗುತ್ತದೆ. ಆಗಲಿ.