ಎಂಟು ವೈದ್ಯಕೀಯ ಕಾಲೇಜುಗಳ ಜಿಲ್ಲೆಯಲ್ಲಿ ಖಾಲಿ ಕುರ್ಚಿ

ದೇರಳಕಟ್ಟೆಯ ಸುತ್ತಮುತ್ತ ಕೆಲವೇ ಕಿಲೋಮೀಟರುಗಳೊಳಗೆ ಮೂರು ವೈದ್ಯಕೀಯ ಕಾಲೇಜುಗಳಿವೆ. ಮಂಗಳೂರು ನಗರ, ಮುಕ್ಕ ಮತ್ತು ಸುಳ್ಯದವುಗಳನ್ನು ಸೇರಿಸಿದರೆ ದಕ್ಷಿಣ ಕನ್ನಡದಲ್ಲಿ ಎಂಟು, ಉಡುಪಿ ಜಿಲ್ಲೆಯ ಮಣಿಪಾಲವನ್ನೂ ಕೂಡಿಸಿದರೆ ಕರಾವಳಿಯ ಈ ಎರಡು ಜಿಲ್ಲೆಗಳಲ್ಲಿ ಒಂಬತ್ತು. 2011ರ ಜನಗಣತಿಯ ಪ್ರಕಾರ ಎರಡೂ ಜಿಲ್ಲೆಗಳ ಒಟ್ಟು ಜನಸಂಖ್ಯೆ ಸುಮಾರು 32.67 ಲಕ್ಷ. ಇಷ್ಟಿದ್ದೂ ಘಟ್ಟದ ಬುಡದ ಬೆಳ್ತಂಗಡಿ, ಕಡಬ, ಸುಳ್ಯ, ಹೆಬ್ರಿ, ಬೈಂದೂರು ಕಡೆಯ ಜನರಿಗೆ ‘ಇವತ್ತು ಡಾಕ್ಟ್ರಿದ್ದಾರಾ’ ಎಂದು ವಿಚಾರಿಸಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಡುವ ರೂಢಿ ತಪ್ಪಿಲ್ಲ. ಒಬ್ಬರೇ ವೈದ್ಯಾಧಿಕಾರಿ ಎರಡು ಕೇಂದ್ರಗಳ ‘ಪ್ರಭಾರ’ ಹೊತ್ತಿರುವುದು ಇಲ್ಲಿ ಸುದ್ದಿಯೇ ಅಲ್ಲ.

ಹಳ್ಳಿಗೆ ವೈದ್ಯರನ್ನು ಕರೆತರುವ ಸರ್ಕಾರಿ ಪ್ರಯತ್ನಕ್ಕೆ ಇಲ್ಲಿ ನೂರು ವರ್ಷಗಳ ಚರಿತ್ರೆಯಿದೆ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಭಾಗವಾಗಿತ್ತು. ಪನಗಲ್ ರಾಜರ ಜಸ್ಟಿಸ್ ಪಕ್ಷದ ಸರ್ಕಾರ 1924ರ ಹೊತ್ತಿಗೆ ಒಂದು ಯೋಜನೆ ತಂದಿತು: ಹಳ್ಳಿಯಲ್ಲಿ ನೆಲೆಸಲು ಒಪ್ಪುವ ವೈದ್ಯನಿಗೆ ವರ್ಷಕ್ಕಿಷ್ಟೆಂದು ಸಹಾಯಧನ ಕೊಡುವುದು, ಬಡವರಿಗೆ ಆತ ಉಚಿತವಾಗಿ ಔಷಧ ಕೊಡುವುದು, ಉಳ್ಳವರಿಂದ ಶುಲ್ಕ ಪಡೆದು ತನ್ನ ಬದುಕು ನಡೆಸುವುದು. ಸರ್ಕಾರಿ ನೌಕರಿಯೂ ಅಲ್ಲದ, ಪೂರ್ತಿ ಖಾಸಗಿಯೂ ಅಲ್ಲದ ಈ ನಡುದಾರಿಯಲ್ಲಿ ಒಂದು ವಿವೇಕವಿತ್ತು. ವೈದ್ಯ ಆ ಊರಿನಲ್ಲೇ ಮನೆ ಮಾಡಿ ಉಳಿಯಬೇಕು ಎಂಬುದನ್ನು ಅದು ಮೊದಲ ಷರತ್ತಾಗಿ ಹಿಡಿದಿತ್ತು. ಮುಂದೆ ಬಂದ ಹಲವು ಯೋಜನೆಗಳು ಮರೆತದ್ದು ಇದನ್ನೇ.

ಆ ಕಾಲದಲ್ಲಿ ಸಣ್ಣ ಊರುಗಳಿಗೆ ಹೋದವರಲ್ಲಿ ಬಹುಮಂದಿ ಎಂಬಿಬಿಎಸ್ ಪದವೀಧರರಲ್ಲ, ಅದಕ್ಕಿಂತ ಕಡಿಮೆ ಅವಧಿಯ ಶಿಕ್ಷಣ ಪಡೆದ ಎಲ್‌ಎಂಪಿ ವೈದ್ಯರು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಲು 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿ ಒಪ್ಪಿಸಿದ ಭೋರ್ ಸಮಿತಿಯ ಲೆಕ್ಕದಂತೆ ಅಂದಿನ ಭಾರತದಲ್ಲಿದ್ದ ನೋಂದಾಯಿತ ವೈದ್ಯರಲ್ಲಿ ಪದವೀಧರರು 17,654, ಎಲ್‌ಎಂಪಿಯಂಥ ಲೈಸೆನ್ಸಿಯೇಟುಗಳು 29,870. ದಾದಿಯರಂತೂ ಇಡೀ ದೇಶಕ್ಕೆ ಸುಮಾರು 7,000 ಮಾತ್ರ. ಸಮಿತಿಯ ಬಹುಮತ ಎಲ್‌ಎಂಪಿ ಶಿಕ್ಷಣವನ್ನು ನಿಲ್ಲಿಸಿ, ಒಂದೇ ದರ್ಜೆಯ ‘ಮೂಲ ವೈದ್ಯ’ನನ್ನು ತಯಾರಿಸಬೇಕೆಂದು ಶಿಫಾರಸು ಮಾಡಿತು. ಕೆಲವು ಸದಸ್ಯರು, ವೈದ್ಯರೇ ಸಾಲದ ಕಾಲದಲ್ಲಿ ಇದ್ದ ದಾರಿಯನ್ನೂ ಮುಚ್ಚುವುದೇಕೆಂದು ಭಿನ್ನಮತ ಬರೆದರು. ಹಳ್ಳಿಯವನಿಗೆ ಎರಡನೇ ದರ್ಜೆಯ ವೈದ್ಯ ಸಾಕು ಎನ್ನುವುದು ಅನ್ಯಾಯವೆಂಬ ಬಹುಮತದ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಎಲ್‌ಎಂಪಿ ನಿಂತುಹೋದ ಮೇಲೆ ಅವರ ಜಾಗಕ್ಕೆ ಪದವೀಧರ ಬರುತ್ತಾನೆಂಬ ನಿರೀಕ್ಷೆ ಫಲಿಸಲಿಲ್ಲ ಎಂಬುದೂ ಅಷ್ಟೇ ನಿಜ.

ದೇಶದಲ್ಲಿ ಮೊದಲ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತೆರೆದದ್ದು 1952ರಲ್ಲಿ. ಮರುವರ್ಷವೇ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. 1955ರಲ್ಲಿ ಅದರ ಮಂಗಳೂರು ಕೇಂದ್ರ ಬಂದು, ಹತ್ತೊಂಬತ್ತನೇ ಶತಮಾನದಿಂದಲೂ ಜಿಲ್ಲೆಯ ಬಡವರ ಆಸರೆಯಾಗಿದ್ದ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯೇ ಖಾಸಗಿ ಕಾಲೇಜೊಂದರ ಪಾಠಶಾಲೆಯಾಯಿತು. ಈ ಹೊಂದಾಣಿಕೆಯಿಂದ ನಗರದ ರೋಗಿಗಳಿಗೆ ಲಾಭವಾದದ್ದನ್ನು ಅಲ್ಲಗಳೆಯಲಾಗದು. ಮಲ್ಪೆ, ಕಾಪು, ಪಡುಬಿದ್ರಿಯಂಥ ಕಡೆ ಮಣಿಪಾಲದ ಕಾಲೇಜು ನಡೆಸಿದ ತಾಯಿ-ಮಗುವಿನ ಆಸ್ಪತ್ರೆಗಳು ಕರಾವಳಿಯ ಹೆರಿಗೆಗಳನ್ನು ಮನೆಯಿಂದ ಆಸ್ಪತ್ರೆಗೆ ತರುವಲ್ಲಿ ದೊಡ್ಡ ಕೆಲಸ ಮಾಡಿದವು. ಆದರೆ ಕಾಲೇಜುಗಳೆಲ್ಲವೂ ಖಾಸಗಿಯಾಗಿ, ದೇಶದ ಎಲ್ಲ ಮೂಲೆಗಳಿಂದ ವಿದ್ಯಾರ್ಥಿಗಳು ಬಂದು, ಕಲಿತು, ಹೊರಟುಹೋಗುವ ವ್ಯವಸ್ಥೆ ಬೆಳೆದ ಮೇಲೆ ಕಾಲೇಜಿಗೂ ಜಿಲ್ಲೆಯ ಹಳ್ಳಿಗೂ ಕೊಂಡಿಯೇ ಉಳಿಯಲಿಲ್ಲ. ಸಾಲದ ಕಂತು ಕಟ್ಟಿ ಓದಿದ ಹುಡುಗ ಹಳ್ಳಿಯ ಕೇಂದ್ರದ ಸಂಬಳವನ್ನು ಕಂತಿನೊಂದಿಗೆ ತೂಗಿ ನೋಡಿದರೆ ಅವನನ್ನು ದೂರುವುದು ಕಷ್ಟ.

ವೈದ್ಯರು ನಿಲ್ಲದ ಜಾಗದಲ್ಲಿ ನಿಂತವರು ಹೆಂಗಸರು. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನಂತೆ ಮಲೇರಿಯಾ, ಸಿಡುಬು, ಕುಟುಂಬ ಯೋಜನೆ ಎಂದು ಬೇರೆಬೇರೆಯಾಗಿ ತಿರುಗುತ್ತಿದ್ದ ಸಿಬ್ಬಂದಿಯನ್ನು ವಿವಿಧೋದ್ದೇಶ ಕಾರ್ಯಕರ್ತರನ್ನಾಗಿ ಮಾಡಲಾಯಿತು. ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ-ದಾದಿ ಆರೋಗ್ಯ ಸಹಾಯಕಿಯಾದಳು, ಜನರ ಬಾಯಲ್ಲಿ ಮಾತ್ರ ‘ಸಿಸ್ಟರ್’ ಆಗಿಯೇ ಉಳಿದಳು. ಬಯಲು ಪ್ರದೇಶದಲ್ಲಿ 5,000 ಜನರಿಗೆ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಎಂಬ ಅಳತೆ ರೂಢಿಗೆ ಬಂತು.

ಈ ಅಳತೆಯ ಬಗ್ಗೆ ತುಸು ನಿಂತು ಹೇಳಬೇಕು. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ನಿಂತ ಮನೆಗಳ ಗುಂಪು. ಒಂದು ಬೆಳಿಗ್ಗೆ ನಡೆದರೆ ಅರ್ಧ ಊರು ಮುಗಿದೀತು. ತುಳುನಾಡಿನಲ್ಲಿ ಮನೆ ಇರುವುದು ಅವರವರ ತೋಟದ ನಡುವೆ. ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಇಳಿದು, ಗದ್ದೆ ಹುಣಿ ದಾಟಿ, ಮಳೆಗಾಲವಾದರೆ ತೋಡಿನ ಮೇಲಿನ ಕಾಲುಸಂಕದಲ್ಲಿ ಜೀವ ಕೈಯಲ್ಲಿ ಹಿಡಿದು ಹೋಗಬೇಕು. ತಲೆ ಎಣಿಸಿ ಹುದ್ದೆ ಮಂಜೂರು ಮಾಡುವವರ ಕಾಗದದಲ್ಲಿ ಈ ದೂರ ಕಾಣುವುದಿಲ್ಲ. 1980ರ ದಶಕದ ಆರಂಭದಲ್ಲಿ ಮಂಗನ ಕಾಯಿಲೆ ಬೆಳ್ತಂಗಡಿಯ ಕಾಡಂಚಿನ ಊರುಗಳಿಗೆ ಬಂದಾಗಲೂ, ಗೇರು ತೋಟಗಳ ಮೇಲೆ ಸುರಿದ ಎಂಡೋಸಲ್ಫಾನ್ ಕೀಟನಾಶಕದಿಂದ ಕೊಕ್ಕಡ, ಪಟ್ರಮೆ, ನಿಡ್ಲೆಯ ಮಕ್ಕಳು ಹಾಸಿಗೆ ಹಿಡಿದಾಗಲೂ ಬೇಕಾಗಿದ್ದುದು ಮನೆಮನೆಗೆ ನಡೆಯಬಲ್ಲ ಸಿಬ್ಬಂದಿಯೇ.

2005ರ ಏಪ್ರಿಲಿನಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನರಿಗೊಬ್ಬ ಆಶಾ ಕಾರ್ಯಕರ್ತೆಯನ್ನು ಕೊಟ್ಟಿತು. ಆಕೆಯನ್ನು ‘ಸ್ವಯಂಸೇವಕಿ’ ಎಂದು ಕರೆದು, ನೌಕರಳ ಕೆಲಸವನ್ನೆಲ್ಲ ಮಾಡಿಸಲಾಯಿತು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆಯಲು 2025ರ ಜನವರಿಯಲ್ಲಿ ಅವರು ಬೆಂಗಳೂರಿನಲ್ಲಿ ಹಗಲುರಾತ್ರಿ ಧರಣಿ ಕೂರಬೇಕಾಯಿತು. 2018ರ ನಂತರ ಉಪಕೇಂದ್ರಗಳಿಗೆ ಬಂದ, ಹೆಚ್ಚಾಗಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳೂ ಗುತ್ತಿಗೆಯ ಮೇಲಿರುವವರು. ನರ್ಸಿಂಗ್ ಓದಿದವರಿಗೆ ಮಂಗಳೂರಿನಿಂದ ಕೊಲ್ಲಿ ರಾಷ್ಟ್ರಗಳ ದಾರಿ ಹತ್ತಿರವಿರುವಾಗ, ವರ್ಷವರ್ಷವೂ ನವೀಕರಿಸಬೇಕಾದ ಕೆಲಸಕ್ಕೆ ಅಂಟಿಕೊಳ್ಳುವವರೆಷ್ಟು?

ವೈದ್ಯರ ವಿಷಯದಲ್ಲಿ ಸರ್ಕಾರ ಕೊನೆಗೆ ಹಿಡಿದದ್ದು ಕಡ್ಡಾಯದ ದಾರಿ. ವೈದ್ಯಕೀಯ ಪದವಿ ಮುಗಿಸಿದವರೆಲ್ಲ ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಾಯ್ದೆಯನ್ನು ಕರ್ನಾಟಕ 2012ರಲ್ಲಿ ರೂಪಿಸಿತು, 2015ರಲ್ಲಿ ಅದು ಜಾರಿಗೆ ಬಂತು. ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 2019ರಲ್ಲಿ ರಾಜ್ಯ ಹೈಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಅಲ್ಲಿಗೆ ಗೆದ್ದಂತಾಯಿತು ಎನ್ನುವಷ್ಟರಲ್ಲಿ ಇನ್ನೊಂದು ಸತ್ಯ ಎದುರಾಯಿತು. ವರ್ಷಕ್ಕೆ ಹೊರಬರುವ ಪದವೀಧರರಿಗೆಲ್ಲ ಕೊಡಲು ಅಷ್ಟು ಹುದ್ದೆಗಳೇ ಇರಲಿಲ್ಲ. ಹೀಗಾಗಿ 2023ರ ಕೊನೆಯಲ್ಲಿ ತಿದ್ದುಪಡಿ ತಂದು, ಖಾಲಿಯಿರುವ ಹುದ್ದೆಗಳಿಗೆ ಬೇಕಾದಷ್ಟು ಮಂದಿಯನ್ನು ಮಾತ್ರ ಕರೆಯುವಂತೆ ಕಡ್ಡಾಯವನ್ನು ಸಡಿಲಿಸಲಾಯಿತು. ಕೊರತೆ ನೀಗಲೆಂದು ಮಾಡಿದ ಕಾನೂನು ಹೆಚ್ಚಳದ ಭಾರಕ್ಕೆ ಬಾಗಿತು.

ಅಂದರೆ ಸಂಖ್ಯೆಯ ಲೆಕ್ಕದಲ್ಲಿ ಇಂದಿನ ನಿಜವಾದ ಬರ ಎಂಬಿಬಿಎಸ್ ವೈದ್ಯರದ್ದಲ್ಲ, ತಜ್ಞರದ್ದು. 2021-22ರ ಕೇಂದ್ರ ಸರ್ಕಾರದ ಅಂಕಿಅಂಶದಲ್ಲಿ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞರಲ್ಲಿ ಶೇ. 80ರ ಆಸುಪಾಸು ಕೊರತೆಯಿತ್ತು. ಸಿಸೇರಿಯನ್ ಹೆರಿಗೆಗೆ ಪ್ರಸೂತಿ ತಜ್ಞೆ, ಅರಿವಳಿಕೆ ತಜ್ಞ, ಮಕ್ಕಳ ತಜ್ಞ ಮೂವರೂ ಬೇಕು. ಒಬ್ಬರಿಗೆ ವರ್ಗವಾದರೆ ಉಳಿದಿಬ್ಬರು ಇದ್ದೂ ಇಲ್ಲದಂತೆ, ಗರ್ಭಿಣಿ 108ರಲ್ಲಿ ಮಂಗಳೂರಿಗೋ ಉಡುಪಿಗೋ ಹೊರಡುತ್ತಾಳೆ. ಈ ಅಂತರವನ್ನು ತುಂಬಲು ನಡೆದ ಒಂದು ಪ್ರಯತ್ನ ಇಲ್ಲಿಯದೇ: ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಮುಟ್ಟಿಸಿ, ಅಲ್ಲಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ನಕ್ಷೆಯನ್ನು ನೋಡಿ ಸಲಹೆ ಕೊಡುವ ಜಾಲವೊಂದನ್ನು ಕಟ್ಟಿದರು. ಯಂತ್ರಕ್ಕೆ ತಂತಿ ಜೋಡಿಸುವ ಸಿಬ್ಬಂದಿ ಕೇಂದ್ರದಲ್ಲಿ ಇರಲೇಬೇಕು ಎಂಬುದು ಅದರ ಮಿತಿ.

ಉಳಿದದ್ದು ಯಾರು ಹಳ್ಳಿಯಲ್ಲಿ ನಿಲ್ಲುತ್ತಾರೆ ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ 2010ರ ಮಾರ್ಗಸೂಚಿಯ ಮೊದಲ ಸಲಹೆಗಳಲ್ಲೊಂದು, ಹಳ್ಳಿಯಲ್ಲಿ ಬೆಳೆದವರಿಗೆ ವೈದ್ಯಕೀಯ ಸೀಟು ಕೊಡಿ, ಅವರು ಹಳ್ಳಿಗೆ ಮರಳುವ ಸಾಧ್ಯತೆ ಹೆಚ್ಚು ಎಂಬುದು. ತುಳುವಿನಲ್ಲಿ ‘ಬಂಜಿ ಬೇನೆ’ ಎಂದಾಗ ಹೊಟ್ಟೆಯನ್ನೇ ಮುಟ್ಟಿ ನೋಡುವ, ಕುಂದಗನ್ನಡದ ದೂರನ್ನು ಎರಡನೇ ಬಾರಿ ಕೇಳಬೇಕಾಗದ ವೈದ್ಯರು ಈ ಭಾಗಕ್ಕೆ ಬೇಕೆಂಬುದನ್ನು ಮಾರ್ಗಸೂಚಿ ಹೇಳದೆಯೂ ತಿಳಿಯಬಹುದು. ಕರ್ನಾಟಕದಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಕಲಿತವರಿಗೆ ಶೇ. 15ರ ಮೀಸಲಾತಿ ಬಹಳ ವರ್ಷಗಳಿಂದ ಇದೆ. ಅದಕ್ಕಾಗಿ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಸೀಟು ಸಿಕ್ಕ ಮೇಲೆ ಆ ಹಳ್ಳಿಯ ಹೆಸರನ್ನು ಮತ್ತೆ ಯಾರೂ ಕೇಳುವುದಿಲ್ಲ.